ಸವೆದ ಮೆಟ್ಟುಗಳ ಡಬ್ಬಿ

ಸಂಡರ್‌ಲ್ಯಾಂಡಿನ ಹಡಗುಕಟ್ಟೆ ಮುಚ್ಚಿತು,
ಅಪ್ಪನ ಗಿಟಾರು ರಿಪೇರಿ ಅಂಗಡಿ ಮುಚ್ಚಲಿಲ್ಲ.
ಈಗ ನನ್ನದು. ಎರಡು ಸ್ಟೂಲು, ಒಂದು ಹೀಟರು,
ಅಂಟಿನ ವಾಸನೆ, ಬಾಗಿಲ ಸಂದಿಯಲ್ಲಿ ಉಪ್ಪುಗಾಳಿ.

ಶನಿವಾರ ಹತ್ತಕ್ಕೆ ಬರುತ್ತಾರೆ ಇಬ್ಬರೂ.
ಬಲಗಡೆ ಸ್ಟೂಲಿಗೆ ನಾರ್ಮನ್ ರಟ್ಟರ್, ಹಳೇ ವೆಲ್ಡರ್;
ಎಡಗಡೆ ಡೆಸ್ಮಂಡ್ ಹಾಗಾರ್ಥ್, ಮೂವತ್ತೊಂದು ವರ್ಷ
ಬಸ್ಸು ಓಡಿಸಿದವನು.
ಫ್ಲಾಸ್ಕು ಬಿಚ್ಚುವ ಮೊದಲೇ ಬಾಯಿ ಬಿಚ್ಚುತ್ತಾರೆ.

"ಕ್ರೇಕ್‌ಗೆ ಸಮ ಯಾರಿದ್ದಾರೋ?
ಇಪ್ಪತ್ತಾರಕ್ಕೇ ಸತ್ತ, ಅಷ್ಟರಲ್ಲೇ
ಆರು ತಂತಿಗೂ ಹುಚ್ಚು ಹಿಡಿಸಿ ಹೋದ.
ನಿನ್ನ ಪೆಂಬರ್ ಎಪ್ಪತ್ತೆಂಟು ಬದುಕಿ ನುಡಿಸಿದ್ದೆಷ್ಟು?
ಬೆರಳಲ್ಲಿ ಎಣಿಸಬಹುದು!"

"ಎಣಿಸಬಹುದಲ್ಲ, ಅದೇ ಮಾತು.
ಅವನು ಒಂದು ಸ್ವರ ಹಿಡಿದು ಬಿಡುವ ಹೊತ್ತಿಗೆ
ನನ್ನ ಬಸ್ಸು ಮೂರು ಸ್ಟಾಪು ದಾಟುತ್ತಿತ್ತು.
ನಿನ್ನವನದು ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ:
ಸದ್ದು ಬಹಳ, ಅಗಿದರೆ ಗಾಳಿ."

ಇದೆಲ್ಲ ಕೂಗಾಟದಲ್ಲೇ ಆಗಬೇಕು.
ಕ್ರೇಕ್ ಈ ಊರಿಗೆ ಬಂದ ರಾತ್ರಿ ಸ್ಪೀಕರಿನ ಬುಡದಲ್ಲಿ
ನಿಂತಿದ್ದ ನಾರ್ಮನ್, ಎಡಗಿವಿಯನ್ನು ಅಲ್ಲೇ
ಹರಕೆಯ ಹಾಗೆ ಒಪ್ಪಿಸಿ ಬಂದ.
ಡೆಸ್ಮಂಡನ ಬಲಗಿವಿ ಪೆಂಬರನ ಪಾಲಾಯಿತಂತೆ
(ಡೀಸೆಲ್ ಎಂಜಿನ್ನಿನ ಪಾಲು ಎನ್ನುತ್ತಾಳೆ ಹೆಂಡತಿ).
ಹೀಗೆ ಕಿವುಡಿಗೆ ಕಿವುಡು ತಾಗಿಸಿ ಕೂತಿದ್ದಾರೆ.
ಸ್ಟೂಲು ಬದಲಿಸಿಕೊಳ್ಳಿ ಎಂದರೆ
ಅದಕ್ಕೆ ಮಾತ್ರ ಇಬ್ಬರದೂ ಒಂದೇ ಮಾತು: ಇಲ್ಲ.

ಕಳೆದ ಶನಿವಾರ ನನ್ನ ಬೆನ್ನು ಹತ್ತಿದರು.
"ನೀನೇ ಹೇಳು ಹಿಲ್ಡಾ, ಯಾರು ದೊಡ್ಡವನು?"

ನನಗೆ ಸಂಗೀತ ಅಷ್ಟಕ್ಕಷ್ಟೆ. ಸವೆತ ಗೊತ್ತು.
ಹಳೇ ಮೆಟ್ಟು ಕಿತ್ತು ಹೊಸದು ಬಡಿಯುವುದು ನನ್ನ ಕಸುಬು;
ಕಿತ್ತದ್ದನ್ನು ಅಪ್ಪನೂ ಎಸೆಯಲಿಲ್ಲ, ನಾನೂ ಎಸೆಯಲಿಲ್ಲ.
ಬಿಸ್ಕತ್ತಿನ ಡಬ್ಬಿ ತಂದು ನೆಲಕ್ಕೆ ಸುರಿದೆ.
ನಿಕ್ಕಲ್ಲಿನ ತುಂಡುಗಳು, ಮೀನಿನ ಮುಳ್ಳಿನ ರಾಶಿಯಂತೆ.

"ಉದ್ದನೆಯವು ಕತ್ತಿನ ಕೆಳತುದಿಯವು.
ಅಲ್ಲಿ ಸವೆದಿದ್ದರೆ ಕ್ರೇಕ್ ಹಿಡಿದ ಹುಡುಗ.
ನಡುವಿನಲ್ಲಿ ಒಂದೇ ಕಡೆ, ಒಂದೇ ತಂತಿಯ ಕೆಳಗೆ
ಬಾವಿಕಟ್ಟೆಯ ಹಗ್ಗದ ಗುರುತಿನಂಥ ಕಚ್ಚು ಇದ್ದರೆ
ಪೆಂಬರ್. ಎಣಿಸಿಕೊಳ್ಳಿ."

ಮಂಡಿ ಹಿಡಿದುಕೊಂಡು ನೆಲಕ್ಕಿಳಿದರು.
ಕನ್ನಡಕ ಹಣೆಗೇರಿತು. ಚಹಾ ಆರಿತು.
ಒಂದು ಗುಡ್ಡೆ, ಇನ್ನೊಂದು ಗುಡ್ಡೆ. ಎರಡಕ್ಕೂ ಸೇರದೆ
ಮೂರನೆಯದೊಂದು ಬೆಳೆಯತೊಡಗಿತು:
ಗಿಡ್ಡ ತುಂಡುಗಳು, ಕತ್ತಿನ ಮೇಲ್ತುದಿಯವು.
ಮೂರೇ ಪಟ್ಟು ಬಲ್ಲವರು ಒತ್ತಿ ಒತ್ತಿ ತೇಯ್ದದ್ದು,
ಅಡುಗೆಮನೆಯಲ್ಲಿ, ಇಗರ್ಜಿಯ ಹಿಂಬದಿ ಕೋಣೆಯಲ್ಲಿ,
ಮಗು ಏಳಬಾರದೆಂದು ಮೆಲ್ಲಗೆ.

"ಇವರೆಲ್ಲ ಕ್ರೇಕ್ ಕೇಳಿಯೇ ಗಿಟಾರು ಕೊಂಡವರು," ನಾರ್ಮನ್.
"ಅವನ ಹಾಗೆ ಬಾರದೆಂದು ಬಿಟ್ಟವರು," ಡೆಸ್ಮಂಡ್.
"ಬಿಟ್ಟಿದ್ದರೆ ಮೆಟ್ಟು ಹೇಗೋ ಸವೆಯುತ್ತಿತ್ತು?"

ಅದಕ್ಕೆ ಉತ್ತರ ಬರಲಿಲ್ಲ.
ಡೆಸ್ಮಂಡ್ ಒಂದು ಗಿಡ್ಡ ತುಂಡು ಎತ್ತಿ
ಬೆಳಕಿಗೆ ಹಿಡಿದ, ಹೆಬ್ಬೆರಳಲ್ಲಿ ತಡವಿದ.
"ನನ್ನದೂ ಒಂದಿರಬೇಕು ಇದರಲ್ಲಿ," ಎಂದ ಪಿಸುದನಿಯಲ್ಲಿ.
"ಎಪ್ಪತ್ತೊಂಬತ್ತರಲ್ಲಿ ನಿಮ್ಮಪ್ಪನಿಗೆ ಕೊಟ್ಟಿದ್ದೆ."

"ನೀನು ನುಡಿಸುತ್ತಿದ್ದೆಯಾ?" ನಾರ್ಮನ್ ತಿರುಗಿದ.

ಆಗ ನನಗೆ ಹೊಳೆಯಿತು: ನೆಲಕ್ಕಿಳಿಯುವಾಗ
ಇಬ್ಬರೂ ತಿಳಿಯದೆ ಜಾಗ ಬದಲಿಸಿದ್ದರು.
ಕೇಳುವ ಕಿವಿ, ಕೇಳುವ ಕಿವಿಯ ಪಕ್ಕ.

ಎಷ್ಟೋ ಹೊತ್ತು ಯಾರೂ ಕೂಗಲಿಲ್ಲ.
ಅಂಗಡಿಗೆ ಅದು ಅಭ್ಯಾಸವಿಲ್ಲ;
ಗೋಡೆಗೆ ನೇತುಹಾಕಿದ ಗಿಟಾರೊಂದು
ಹೊರಗೆ ಲಾರಿ ಹೋದದ್ದಕ್ಕೆ ಸಣ್ಣಗೆ ಗುಂಯ್ ಎಂದಿತು.

ಈ ಶನಿವಾರ ಮತ್ತೆ ಬಂದರು.
ಬಲಕ್ಕೆ ನಾರ್ಮನ್, ಎಡಕ್ಕೆ ಡೆಸ್ಮಂಡ್.
"ಕ್ರೇಕ್!" ಎಂದ ಒಬ್ಬ, ಫ್ಲಾಸ್ಕು ಬಿಚ್ಚುವ ಮೊದಲೇ.