ದೀಪ ಮೊದಲು

ಮುಳಗುಂದದ ಹೊರಗೆ, ಬಿದ್ದ ವಾಡೆಯ ಮಗ್ಗುಲು
ಗೋದಾಮಿಗೆ ಪಾಯ ಅಗೆಯುವಾಗ
ಯಮನೂರನ ಜೆಸಿಬಿಯ ಹಲ್ಲು ಗಾಳಿಯನ್ನು ಕಚ್ಚಿತು.
ಗರಸಿನಡಿ ಕತ್ತಲೆ. ಅದಕ್ಕೊಂದು ಸಣ್ಣ ಬಾಯಿ.
ನಿಧಿ, ಅಂದರು ಯಾರೋ. ಮೊಬೈಲಿನ ಬೆಳಕು ಬಿಟ್ಟರು.

ರೊಟ್ಟಿಗಂಟು ಹೊತ್ತು ಬಂದ ಹುಸೇನಬಿ
ಬಗ್ಗಿ ಮೂಸಿ, 'ಹಗೇವು' ಅಂದಳು.
'ಇಳೀಬ್ಯಾಡ್ರಿ. ಮೊಬೈಲು ಆರೂದಿಲ್ಲ,
ಅದಕ್ಕ ಉಸಿರಿನ ಸುದ್ದಿ ಗೊತ್ತಿಲ್ಲ.
ದೀಪ ಮೊದಲು. ಆಮ್ಯಾಲ ಮನಶ್ಯಾ.'

ಹಗ್ಗಕ್ಕೆ ಕಟ್ಟಿದ ಕಂದೀಲು
ಎರಡಾಳು ಇಳಿದು ಕಣ್ಣು ಮುಚ್ಚಿತು.

ಒಂದಿಡೀ ದಿನ ಬಾಯಿ ತೆರೆದಿಟ್ಟು,
ಮತ್ತೆ ಬಿಟ್ಟ ದೀಪ ಉಳಿದ ಮೇಲೆ, ಇಳಿದೆ.
ಗೋಡೆಗೆ ಸುಟ್ಟ ಮಣ್ಣಿನ ಕಪ್ಪು,
ತಳದಲ್ಲಿ ಹೊಟ್ಟು, ಕಣಕಿಯ ಎಳೆ,
ಉಗುರಿಗೆ ಸಿಕ್ಕ ನಾಲ್ಕು ಜೋಳ.
ಯಾವ ಬರಕ್ಕೆಂದು ಯಾರು ಎತ್ತಿಟ್ಟದ್ದೋ.

ನನ್ನ ನಕಾಶೆಯಲ್ಲಿದ್ದದ್ದು ತಗಡಿನ ಮಾಡು,
ಹನ್ನೆರಡು ಫ್ಯಾನು, ಹುಳಕ್ಕೆ ಗುಳಿಗೆ.
ಮೇಲೆ ಬಂದವನೇ ಕೇಳಿದೆ,
'ಇಂಥವೇ ಹತ್ತು ತೋಡಿಸಿದರೆ?'
ಆಕೆ ನಕ್ಕಳು, ಎಲೆಅಡಿಕೆಯ ಕೆಂಪು:
'ಈಗ ಸುತ್ತ ಕೃಷಿಹೊಂಡ ಆಗ್ಯಾವ್ರೀ.
ಇಲ್ಲಿ ಇಟ್ಟರ ಜ್ವಾಳ ಒಳಗಽ ಮೊಳಕಿ ಒಡಿತಾವ.
ನಮ್ಮಪ್ಪ ಗುದ್ದಲಿ ಮುಟ್ಟೂಕಿಂತ ಮೊದಲ
ಹಿಡಿ ಮಣ್ಣು ಹಿಸುಕಿ
ಹೊತ್ತು ಮುಳುಗೂತನ ಕುಂತಿರತಿದ್ದ.'

ಯಮನೂರ ಎಂಜಿನ್ ಆರಿಸಿದ.
ನಕಾಶೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟು
ದಿನ್ನೆಯ ಕಡೆ ಆಕೆಯ ಹಿಂದೆ ನಡೆದೆ.
ಅರ್ಧ ಏರಿ ಹಿಸುಕಿದ ಮಣ್ಣು
ನನ್ನ ಬೆರಳ ಗೆರೆಗಳನ್ನೆಲ್ಲ ಹಿಡಿದುಕೊಂಡಿತು.
'ಹಸಿ ಐತಿ,' ಅಂದಳು. 'ಇನ್ನಷ್ಟು ಮ್ಯಾಲ.'