ಆರನೇ ವಾರ್ಡಿನ ದಿಂಬು

ಡಂಡೀ ಊರಿನ ಆಸ್ಪತ್ರೆ, ಜನವರಿ, ರಾತ್ರಿ ಪಾಳಿ.
ಹಾಸಿಗೆ ಇಪ್ಪತ್ತೆಂಟು, ದಿಂಬು ಇಪ್ಪತ್ತೊಂದು.
ಉಳಿದ ತಲೆಗಳಿಗೆ ಸುತ್ತಿಟ್ಟ ಟವೆಲ್ಲು,
ಒಬ್ಬರಿಗೆ ಅವರದೇ ಕೋಟು.

ಮೊದಲ ವಾರವೇ ಹೇಳಿಕೊಟ್ಟಿದ್ದಳು ಇಷ್‌ಬೆಲ್:
ಥರ್ಮಾಮೀಟರು ಕಂಡರೆ ಜೇಬಿಗೆ ಹಾಕು,
ಯಾರಾದರೂ ಕೇಳಿದರೆ ಕಂಡಿಲ್ಲ ಅನ್ನು.
ಕಳ್ಳತನ ಅಲ್ಲ ಮಗೂ, ಸಂಸಾರ ಇದು.

ಡ್ರಿಪ್ಪಿನ ಕಂಬಕ್ಕೆ ನಾವೇ ಅಂಟಿಸಿದ ಪಟ್ಟಿ,
ಮೇಲೆ ದಪ್ಪಗೆ ಆರರ ಅಂಕಿ.
ಎರಡು ದಿನ ಹುಡುಕಿ, ಕಡೆಗೆ ಸಿಕ್ಕಿದ್ದು ಒಂಬತ್ತರಲ್ಲಿ.
ಪಟ್ಟಿ ಹಾಗೇ ಇತ್ತು,
ಕಿತ್ತು ತಲೆಕೆಳಗಾಗಿ ಅಂಟಿಸಿದ್ದರು ಅಷ್ಟೆ.
ನಕ್ಕೆವು. ಕಂಬ ತಂದೆವು. ಚಕ್ರ ಒಂದು ಕಡಿಮೆ.

ಗೆಡ್ಡಿಸ್ ಅಜ್ಜನದು ಸೆಣಬಿನ ಗಿರಣಿಯ ಧೂಳು ಕುಡಿದ ಎದೆ.
ಎರಡು ದಿಂಬಿದ್ದರೆ ಉಸಿರು ಸಲೀಸು ಎನ್ನುತ್ತಿದ್ದ,
ಮೂರು ರಾತ್ರಿ, ಸಂಕೋಚದಿಂದ,
ಸಾಲ ಕೇಳುವವನ ಹಾಗೆ.
ಎರಡನೆಯದನ್ನು ಎಲ್ಲಿಂದ ತಂದೆನೆಂದು
ನಾನು ಇಲ್ಲಿ ಬರೆಯುವುದಿಲ್ಲ.

ನಾಲ್ಕೂವರೆಗೆ ಹೋದ.
ಡಾಕ್ಟರು ಬಂದರು, ನೋಡಿದರು, ಗಂಟೆ ಬರೆದುಕೊಂಡರು.
ಗಾಡಿಯವರು ಬರುವ ಮೊದಲು
ಇಷ್‌ಬೆಲ್ ಆ ತಲೆಯನ್ನು ಎತ್ತಿದಳು,
ನಿದ್ದೆಯ ಕೂಸನ್ನು ಎತ್ತುವಷ್ಟು ಮೆಲ್ಲಗೆ,
ಕಣ್ಣಲ್ಲೇ ಅಂದಳು: ಎಳೆ.
ಎಳೆದೆ.
ಹಾಳೆ ಸರಿಮಾಡಿ, ಕೂದಲು ಬಾಚಿ,
ಕ್ಷಮಿಸಿ ಗೆಡ್ಡಿಸ್, ಅಂದಳು. ಪೂರ್ತಿ ಹೆಸರು ಅವಳಿಗೂ ಗೊತ್ತಿರಲಿಲ್ಲ.

ಒಂದು ಬೀರುವಿನ ಹಿಂದಕ್ಕೆ.
ಒಂದಕ್ಕೆ ಹೊಸ ಗವಸು ತೊಡಿಸಿ
ಹನ್ನೆರಡನೇ ಹಾಸಿಗೆಗೆ ಒಯ್ದೆ.
ಸಂಜೆಯಿಂದ ಕೇಳುತ್ತಲೇ ಇದ್ದ ಮುದುಕಿ
ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು.
ಅಯ್ಯೋ, ಬೆಚ್ಚಗಿದೆಯಲ್ಲ,
ನನಗೋಸ್ಕರ ಕಾಯಿಸಿ ತಂದೆಯಾ?

ಹೂಂ, ಅಂದೆ.