ನೆಗ್ಗು, ಹಿಗ್ಗು

ಗೋರ್ ಊರಾಚೆ, ಹಿಂದೆ ಉಣ್ಣೆ ಒಟ್ಟುತ್ತಿದ್ದ ಗೋದಾಮೇ ನನ್ನ ಗ್ಯಾರೇಜು.
ತಗಡು ಬಡಿಯುವುದು ಕಸುಬು.
ಗುರುವಾರ ಮಂಜು ಕರಗುವ ಮೊದಲೇ ಬಂದು ನಿಂತಿತ್ತು
ನೋಯ್ಲೀನಳ ಬಸ್ಸು:
ಒಂದು ಕಾಲಕ್ಕೆ ಶಾಲೆಮಕ್ಕಳನ್ನು ಹೊತ್ತ ಬೆಡ್‌ಫೋರ್ಡು,
ಈಗ ಒಳಗೆ ಮಂಚ, ಒಲೆ, ಸಿಂಕು, ಕಿಟಕಿಯಲ್ಲಿ ಪುದೀನ.
ಹೊರಗೆ, ತಿಳಿಹಸಿರು ಬಣ್ಣದಡಿ, ಮೈಯೆಲ್ಲ ನೆಗ್ಗು.

“ಮಾರ್ತಿದ್ದೀವಿ” ಅಂದಳು.
“ಡನೀಡಿನ್‌ನವನು ಕೊಳ್ತಾನೆ. ಅವನಿಗೆ ನುಣ್ಣಗಿರಬೇಕಂತೆ.”
ಗಂಡ ಅಲಿಸ್ಟರ್ ಇಳಿಯಲಿಲ್ಲ.
ಒಳಗಿಂದ ಟೋಸ್ಟು ಕರಕಲಾಗುವ ವಾಸನೆ ಬಂತು.

ಸೀಮೆಸುಣ್ಣ ಹಿಡಿದು ಬಸ್ಸಿಗೆ ಪ್ರದಕ್ಷಿಣೆ ಹೊರಟೆ.
ನಾನು ಗೆರೆ ಸುತ್ತಿದಲ್ಲೆಲ್ಲ ಅವಳು ಹೇಳುತ್ತ ಬಂದಳು:

ಇದು ತಪಾನುಯಿಯ ಹೋರಿ. ತಪ್ಪು ಅದರದಲ್ಲ,
ಅದು ಬೆನ್ನು ತುರಿಸಿಕೊಳ್ಳುವ ಕಂಬದ ಪಕ್ಕ ನಿಲ್ಲಿಸಿದ್ದು ನಾವು.
ಇದು ಒಂಟಿ ಗಾಡಿಯ ಸೇತುವೆ, ಎದುರಿಗೆ ಹಾಲಿನ ಟ್ಯಾಂಕರು.
ಇಬ್ಬರೂ ನೀವು ಮೊದಲು ಅಂದೆವು, ಇಬ್ಬರೂ ಹೊರಟೆವು.
ಇದು ಕಿಯಾ ಗಿಣಿ. ಅಲ್ಲ, ಗಿಣಿ ಬರೀ ಕಿಟಕಿಯ ರಬ್ಬರು ತಿಂದದ್ದು;
ಗಿಣಿಗೆಂದು ಇವನು ಎಸೆದ ಬೂಟು ಇದು.
ಮೇಲಂಚಿನ ಇವೆರಡು ಆಲಿಕಲ್ಲು, ರಾನ್‌ಫರ್ಲಿ ಹತ್ತಿರ.
ಅವತ್ತು ನಗಾರಿಯೊಳಗೆ ಕೂತ ಹಾಗಿತ್ತು.
ಇದು ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಇತ್ತು.

ಬೆಳಕು ಸುಳ್ಳು ಹೇಳುತ್ತದೆ, ಕಣ್ಣು ಮುಚ್ಚು ಅನ್ನುತ್ತಿದ್ದ ಅಪ್ಪ.
ಕಣ್ಣು ಮುಚ್ಚಿ ಅಂಗೈ ಆಡಿಸುತ್ತ ಹೋದೆ.
ಒಲೆಯ ನೇರಕ್ಕೆ ಬಂದಾಗ ಕೈ ನಿಂತಿತು.
ಇದು ನೆಗ್ಗಲ್ಲ. ಉಬ್ಬು.
ಪೆಟ್ಟು ಒಳಗಿನದು.

ನೋಯ್ಲೀನ್ ಪುದೀನದ ಕಡೆ ನೋಡಿದಳು.
ಕಿಟಕಿ ಸರಿಯಿತು. “ಕೆಟಲು” ಅಂದ ಅಲಿಸ್ಟರ್, ಬಾಯಲ್ಲಿ ಟೋಸ್ಟು.
“ಕೆಟಲಲ್ಲ, ಬಾಣಲೆ.”
“ನನ್ನ ತಲೆಗೆ. ನಾನು ಬಗ್ಗಿದೆ.”
“ನೀನೆಲ್ಲಿ ಬಗ್ಗಿದೆ? ನಾನು ತಪ್ಪಿಸಿ ಎಸೆದೆ.”
“ತಪ್ಪಿಸಿ?”
“ಇಪ್ಪತ್ತಾರು ವರ್ಷದಿಂದ ಬಗ್ಗಿದೆ ಅಂತಲೇ ಊರೆಲ್ಲ ಹೇಳಿದ್ದೀಯ.”
ಯಾಕೆ ಎಸೆದದ್ದೆಂದು ಇಬ್ಬರೂ ಹೇಳಲಿಲ್ಲ.
ನಾನು ಬೆರಳಿನ ಸುಣ್ಣ ಊದಿಕೊಂಡೆ.

ನಾಲ್ಕು ದಿನ ಹಿಡಿಯಿತು ಆರಕ್ಕೆ.
ಅಲ್ಯೂಮಿನಿಯಂ ಉಕ್ಕಿನ ಹಾಗಲ್ಲ, ಹೇಳದೆ ಕೇಳದೆ ಬಿರುಕು ಬಿಡುತ್ತದೆ.
ಬಣ್ಣ ಕೆರೆದು, ಸಾಬೂನು ಉಜ್ಜಿ, ಹಿಂದಿನಿಂದ ಬೆಂಕಿ ತೋರಿಸಿ,
ಸಾಬೂನು ಕಂದಾದ ಗಳಿಗೆಗೆ ಬೆಂಕಿ ತೆಗೆಯಬೇಕು.
ಆಮೇಲೆ ತಗಡು ಸ್ವಲ್ಪ ಹೊತ್ತು ಮಾತು ಕೇಳುತ್ತದೆ.
ಹೊರಗಿಂದ ಮರಳಿನ ಚೀಲ ಒತ್ತಿ, ಒಳಗಿಂದ ಮರದ ಕೊಡತಿ.
ಬಡಿಯುವುದಲ್ಲ, ತಟ್ಟುವುದು,
ತೇಗು ಬರಲೆಂದು ಕೂಸಿನ ಬೆನ್ನು ತಟ್ಟುವ ಹಾಗೆ.
ಹೋರಿ ಹೋಯಿತು. ಟ್ಯಾಂಕರು ಹೋಯಿತು. ಬೂಟು ಹೋಯಿತು.
ಪ್ರತಿ ಸಲ ಅವಳು ಬಂದು ಸಪಾಟಾದ ಜಾಗ ಮುಟ್ಟಿ
“ಚೆನ್ನಾಗಿದೆ” ಅಂದಳು,
ಹೆಸರು ಮರೆತವರನ್ನು ಮಾತಾಡಿಸುವ ದನಿಯಲ್ಲಿ.

ಏಳನೆಯದಕ್ಕೆ ನಾನೇ ಹೇಳಿದೆ, ಆಗುವುದಿಲ್ಲ.
ಕುಗ್ಗಿದ್ದನ್ನು ಎತ್ತಬಹುದು.
ಹಿಗ್ಗಿದ್ದನ್ನು ಕುಗ್ಗಿಸಹೋದರೆ ಪಕ್ಕಕ್ಕೆ ಸರಿಯುತ್ತದೆ,
ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ,
ಕತ್ತರಿಸಿ ತೇಪೆ ಹಾಕಬೇಕು, ದುಡ್ಡು ಜಾಸ್ತಿ.
ಪೂರ್ತಿ ನಿಜವಲ್ಲ ಇದು. ಸಾಬೂನು ಇನ್ನೂ ಇತ್ತು.

“ಇರಲಿ ಬಿಡು” ಅಂದಳು, ತಡಮಾಡದೆ.
“ಕೊಳ್ಳುವವನು ಕೇಳಿದರೆ?” ಕಿಟಕಿಯಿಂದ ಅಲಿಸ್ಟರ್.
“ಬಗ್ಗಿದೆ ಅಂತಲೇ ಹೇಳು.”

ಬುಧವಾರ ಹಣ ಎಣಿಸಿಕೊಟ್ಟು ಹೊರಟರು.
ಅವನು ಹಿಂದಕ್ಕೆ ತೆಗೆದ. ಅವಳು ನಿಂತು ಬಾ ಬಾ ಬಾ ಅಂದಳು.
ನನ್ನ ಗೇಟಿನ ಕಂಬ ಡುಬ್ ಅಂದಿತು.
ಸೀಮೆಸುಣ್ಣ ಹಿಡಿದು ಓಡಿದೆ.
ಅವಳು ಬಾಗಿ ನೋಡಿದಳು, ಅಂಗೈಯಿಂದ ಒಮ್ಮೆ ಒರೆಸಿದಳು,
ಹತ್ತಿ ಕೂತಳು.
ಬಸ್ಸು ಡನೀಡಿನ್ ದಾರಿ ಬಿಟ್ಟು
ಎಡಕ್ಕೆ, ಬೆಟ್ಟಗಳ ಕಡೆ ತಿರುಗಿತು.